ವೆಲ್ಡಿಂಗ್ ಮಾಡಿದ ರಾತ್ರಿ ಬಂದ ಜ್ವರ

ಪ್ರಶ್ನೆ: ನನಗೆ 43 ವರ್ಷ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಎರಡು ವರ್ಷದಿಂದ ರಜೆಯ ದಿನಗಳಲ್ಲಿ ಮನೆಯ ಕಾರ್ ಶೆಡ್ಡಿನಲ್ಲಿ ಕಬ್ಬಿಣದ ಕೆಲಸ ಮಾಡುತ್ತಿದ್ದೇನೆ. ಆಂಗಲ್ ಗ್ರೈಂಡರ್, ಚಿಕ್ಕ ವೆಲ್ಡಿಂಗ್ ಮಷೀನ್, ಒಂದು ಡ್ರಿಲ್ಲಿಂಗ್ ಮಷೀನ್ ಇವೆ. ಲೋಹವನ್ನು ತಿರುಗಿಸುತ್ತಾ ಕಡಿಯುವ ಹಳೆಯ ಲೇತ್ ಮಷೀನ್ ಒಂದನ್ನು ಕೊಳ್ಳುವ ಯೋಚನೆಯೂ ಇದೆ. ಹೋದ ಭಾನುವಾರ ಹಳೆಯ ಜಿಐ ಪೈಪುಗಳನ್ನು ಬೆಸೆದು ಹೂಕುಂಡಗಳ ಸ್ಟ್ಯಾಂಡ್ ಮಾಡುತ್ತಿದ್ದೆ. ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಇದ್ದೆ. ರಾತ್ರಿ ಊಟಕ್ಕೆ ಕೂತಾಗ ಬಾಯೆಲ್ಲ ಲೋಹದ ರುಚಿ. ಆಮೇಲೆ ಹಲ್ಲು ಕಟಕಟ ಎನ್ನುವಷ್ಟು ಚಳಿ, ಜ್ವರ, ಮೈಕೈ ನೋವು. ಮಾರನೆಯ ದಿನ ಸಂಜೆಗೆ ಎಲ್ಲವೂ ಇಳಿದುಹೋಯಿತು. ‘ಒಂದು ಲೋಟ ಹಾಲು ಕುಡಿದು ಕೂತರೆ ಏನೂ ಆಗೋದಿಲ್ಲ’ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಇದು ಅಪಾಯವೇ? ಈ ಹವ್ಯಾಸ ಬಿಡಬೇಕೇ? ಯಾವ ಮಾಸ್ಕ್ ಹಾಕಬೇಕು? ನನ್ನ ಆರು ವರ್ಷದ ಮಗಳು ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ, ಅದು ಸರಿಯೇ? ಸ್ಟ್ಯಾಂಡಿನ ಅರ್ಧ ಕೆಲಸ ಇನ್ನೂ ಬಾಕಿ ಇದೆ.

ಉತ್ತರ: ನಿಮಗೆ ಬಂದದ್ದು ಸತುವಿನ ಹೊಗೆಯಿಂದ ಬರುವ ಜ್ವರ. ವೈದ್ಯರು ಇದನ್ನು ಮೆಟಲ್ ಫ್ಯೂಮ್ ಫೀವರ್ ಎನ್ನುತ್ತಾರೆ. ಬಾಯಲ್ಲಿ ಲೋಹದ ರುಚಿ, ಕೆಲಸ ಮುಗಿದು ಕೆಲವು ಗಂಟೆಗಳಾದ ಮೇಲೆ ಚಳಿಜ್ವರ, ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದು, ಎಲ್ಲವೂ ಅದಕ್ಕೇ ಹೊಂದುತ್ತವೆ. ಕಾರ್ಖಾನೆಯ ಕೆಲಸಗಾರರ ಆರೋಗ್ಯ ನೋಡುವುದು ನನ್ನ ವೃತ್ತಿ. ನನ್ನ ಮನೆಯ ಹಿಂದಿನ ಕೋಣೆಯಲ್ಲೂ ಒಂದು ಚಿಕ್ಕ ಲೇತ್ ಇದೆ. ಹಾಗಾಗಿ ನಿಮ್ಮ ಪತ್ರವನ್ನು ವೈದ್ಯನಾಗಿಯೂ ಓದಿದೆ, ನಿಮ್ಮ ಹಾಗೆಯೇ ರಜೆ ಬರುವುದನ್ನು ಕಾಯುವವನಾಗಿಯೂ ಓದಿದೆ. ಹವ್ಯಾಸ ಬಿಡಬೇಡಿ. ಆದರೆ ಮೊನ್ನೆ ಮಾಡಿದ ಹಾಗೆ ಇನ್ನೊಮ್ಮೆ ಮಾಡಬೇಡಿ.

ಜಿಐ ಪೈಪ್ ಎಂದರೆ ಸತುವಿನ ಹೊದಿಕೆಯಿರುವ ಉಕ್ಕಿನ ಪೈಪು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಉಕ್ಕು ಕರಗಬೇಕಾದರೆ 1,500 ಡಿಗ್ರಿಯ ಆಸುಪಾಸು ಬೇಕು. ಅಂದರೆ ನಿಮ್ಮ ಬೆಸುಗೆ ಹಿಡಿಯುವ ಮೊದಲೇ ಅಲ್ಲಿದ್ದ ಸತುವೆಲ್ಲ ಕುದಿದು ಹಾರಿಹೋಗಿರುತ್ತದೆ. ಆ ಆವಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ಮೊನ್ನೆ ಬೆಸುಗೆಯ ಸುತ್ತ ಹತ್ತಿಯ ಎಳೆಗಳಂಥ ಬಿಳಿ ನೂಲುಗಳು ತೇಲಿದ್ದನ್ನು ನೀವು ಕಂಡಿರಬೇಕು. ಬೆಸೆದ ಜಾಗದ ಪಕ್ಕದಲ್ಲಿ ಬಿಸಿಯಿದ್ದಾಗ ಹಳದಿಯಾಗಿದ್ದ ಬೂದಿ, ತಣ್ಣಗಾದಂತೆ ಬೆಳ್ಳಗಾದದ್ದನ್ನೂ ನೋಡಿರುತ್ತೀರಿ. ಅದೇ ಸತುವಿನ ಆಕ್ಸೈಡ್. ಅದರ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಚಿಕ್ಕವು. ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಗದೆ ಶ್ವಾಸಕೋಶದ ತೀರಾ ಒಳಗಿನ ಗಾಳಿಚೀಲಗಳಿಗೆ ಹೋಗಿ ಕೂರುತ್ತವೆ. ಅಲ್ಲಿ ಮೈ ಅವನ್ನು ರೋಗಾಣುಗಳೆಂದೇ ತಿಳಿದು ಎದ್ದು ನಿಲ್ಲುತ್ತದೆ. ಸೋಂಕು ಇಲ್ಲದೆಯೂ ಸೋಂಕಿನ ಜ್ವರವೇ ಬರುತ್ತದೆ. ಇದಕ್ಕೆ 4ರಿಂದ 10 ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಮಾಡಿದ ಬೆಸುಗೆಗೆ ರಾತ್ರಿ ನಡುಗಿದ್ದು ಅದಕ್ಕೇ.

ಇದರಲ್ಲಿ ಇನ್ನೊಂದು ಗುಣವಿದೆ. ದಿನವೂ ಸತುವಿನ ಹೊಗೆ ಕುಡಿಯುವವರಿಗೆ ನಾಲ್ಕಾರು ದಿನದಲ್ಲಿ ಮೈ ಒಗ್ಗಿಹೋಗಿ ಜ್ವರ ಬರುವುದು ನಿಲ್ಲುತ್ತದೆ. ವಾರದ ರಜೆ ಕಳೆದು ಮತ್ತೆ ಕೆಲಸಕ್ಕೆ ಬಂದ ಮೊದಲ ದಿನ ಪುನಃ ಬರುತ್ತದೆ. ಹಳೆಯ ಕೆಲಸಗಾರರು ಇದನ್ನು ಸೋಮವಾರದ ಜ್ವರ ಎಂದೇ ಕರೆಯುತ್ತಿದ್ದರು. ವಾರಕ್ಕೊಮ್ಮೆ ಮಾತ್ರ ಕೆಲಸ ಮಾಡುವ ನಿಮಗೆ ಪ್ರತಿ ಭಾನುವಾರವೂ ಆ ಸೋಮವಾರವೇ. ‘ಇಪ್ಪತ್ತು ವರ್ಷದಿಂದ ಜಿಐ ಬೆಸೆಯುತ್ತಿದ್ದೇನೆ, ನನಗೇನೂ ಆಗಿಲ್ಲ’ ಎಂದು ಯಾರಾದರೂ ಹೇಳಿದರೆ ಅವರ ಜ್ವರ ನಿಂತಿರಬಹುದು ಅಷ್ಟೆ, ಅವರೊಳಗೆ ಹೊಗೆ ಹೋಗುವುದು ನಿಂತಿಲ್ಲ.

ಹಾಲಿನ ಮಾತು ನಾನು ನೋಡಿದ ವರ್ಕ್‌ಶಾಪುಗಳಲ್ಲೆಲ್ಲ ಕೇಳಿದ್ದೇನೆ. ಹಾಲು ಹೋಗುವುದು ಹೊಟ್ಟೆಗೆ, ಸತು ಕೂತಿರುವುದು ಶ್ವಾಸಕೋಶದಲ್ಲಿ. ಒಂದಕ್ಕೊಂದು ಭೇಟಿಯೇ ಆಗುವುದಿಲ್ಲ. ಗಂಟಲು ಒಣಗಿದಾಗ ಹಿತವಾಗಿರುತ್ತದೆ, ಕುಡಿಯಿರಿ. ಆದರೆ ಹಾಲು ಕುಡಿದಿದ್ದೇನೆ ಎಂಬ ಧೈರ್ಯದ ಮೇಲೆ ಇನ್ನೆರಡು ಪೈಪ್ ಬೆಸೆಯುತ್ತಾರಲ್ಲ, ನನಗೆ ಭಯವಾಗುವುದು ಅಲ್ಲಿ.

ಸತುವಿನ ಜ್ವರ ಸಾಮಾನ್ಯವಾಗಿ ಗುರುತು ಉಳಿಸದೆ ಹೋಗುತ್ತದೆ. ಹಾಗಿದ್ದರೂ ನಿಮ್ಮ ಪತ್ರವನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದಕ್ಕೆ ಕಾರಣ ಕ್ಯಾಡ್ಮಿಯಂ. ಕೆಲವು ಹಳೆಯ ನಟ್ಟುಬೋಲ್ಟುಗಳ ಮೇಲೆ, ವಿಮಾನ ಮತ್ತು ಸೇನಾ ಸಾಮಗ್ರಿಯ ಗುಜರಿಯ ಮೇಲೆ ಕ್ಯಾಡ್ಮಿಯಂ ಲೇಪನವಿರುತ್ತದೆ. ಕೆಲವು ಬಗೆಯ ಬೆಳ್ಳಿ ಬೆಸುಗೆಯ ಕಡ್ಡಿಗಳಲ್ಲೂ ಅದು ಸೇರಿರುತ್ತದೆ. ಕಣ್ಣಿಗೆ ಅದು ಸತುವಿನ ಹಾಗೆಯೇ ಕಾಣುತ್ತದೆ, ಕೆಲವೊಮ್ಮೆ ಹಳದಿ ಹೊಳಪು ಇರುತ್ತದೆ, ಆದರೆ ಹಳದಿ ಹೊಳಪು ಸತುವಿನ ಲೇಪನಕ್ಕೂ ಇರುತ್ತದೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತದೆ. ಅದರ ಹೊಗೆ ಕುಡಿದ ರಾತ್ರಿಯೂ ನಿಮಗೆ ಬಂದಂಥದ್ದೇ ಚಳಿಜ್ವರ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಮಾರನೆಯ ದಿನ. ಸತುವಿನ ಜ್ವರ ಇಳಿಯುತ್ತದೆ, ಕ್ಯಾಡ್ಮಿಯಂ ಆದರೆ ಎದೆ ಬಿಗಿಯುತ್ತದೆ, ಕೆಮ್ಮು ಹೆಚ್ಚುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣವೇ ಹೋಗಬಹುದು. ಆದ್ದರಿಂದ ಲೋಹದ ಹೊಗೆ ಕುಡಿದ ಮೇಲೆ ಬಂದ ಜ್ವರ 24 ಗಂಟೆಯಲ್ಲಿ ಇಳಿಮುಖವಾಗದಿದ್ದರೆ, ಅಥವಾ ಯಾವ ಹೊತ್ತಿನಲ್ಲೇ ಆಗಲಿ ಉಸಿರು ಕಟ್ಟಿದಂತಾದರೆ, ಕಾಯದೆ ಆಸ್ಪತ್ರೆಗೆ ಹೋಗಿ.

ಈ ಕೆಲಸದ ಅಪಾಯಗಳಲ್ಲಿ ಎರಡು ಜಾತಿ. ಕೈ ಸುಟ್ಟರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಬೆರಳು ಕೊಯ್ದರೆ ರಕ್ತ ಕಾಣುತ್ತದೆ. ಅವು ಆಗಲೇ ಕೂಗಿ ಹೇಳುತ್ತವೆ, ಒಂದು ಸಲ ಆದವರು ಮತ್ತೆ ಹುಷಾರಾಗಿರುತ್ತಾರೆ. ಇನ್ನೊಂದು ಜಾತಿ ಕೆಲಸದ ಹೊತ್ತಿನಲ್ಲಿ ಏನೂ ಹೇಳುವುದಿಲ್ಲ. ಆರು ಗಂಟೆ ಕಳೆದ ಮೇಲೆ ಹೇಳುತ್ತದೆ, ಎರಡು ದಿನದ ಮೇಲೆ ಹೇಳುತ್ತದೆ, ಇಪ್ಪತ್ತು ವರ್ಷದ ಮೇಲೆ ಹೇಳುತ್ತದೆ. ಹವ್ಯಾಸಕ್ಕೆ ಕೆಲಸ ಮಾಡುವವರು ಮೈ ಕೊಡುವ ಸೂಚನೆಯನ್ನೇ ನಂಬಿಕೊಂಡು ನಡೆಯುತ್ತಾರೆ, ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಮುಂದುವರಿಯುತ್ತಾರೆ. ಈ ಎರಡನೆಯ ಜಾತಿಗೆ ಆ ಲೆಕ್ಕ ನಡೆಯುವುದಿಲ್ಲ. ಮಷೀನಿನ ಸ್ವಿಚ್ ಹಾಕುವ ಮೊದಲೇ ಯೋಚಿಸಿ ಮುಗಿಸಿರಬೇಕು. ನಾನು ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಈ ಎರಡನೆಯ ಜಾತಿಯದ್ದೇ.

ಬೆಸೆಯುವ ಮೊದಲು ಕೇಳಿಕೊಳ್ಳಬೇಕಾದದ್ದು ಲೋಹ ಯಾವುದು ಎಂದಷ್ಟೇ ಅಲ್ಲ, ಅದರ ಮೇಲೆ ಏನಿದೆ ಎಂದು. ಸತುವಿನ ಮಾತು ಆಯಿತು. ಹಳೆಯ ಕಿಟಕಿಯ ಸರಳು, ಗೇಟು, ಸೇತುವೆಯ ಗುಜರಿಯ ಮೇಲೆ ಬಣ್ಣದ ಅಡಿಯಲ್ಲಿ ಇಟ್ಟಿಗೆ ಕೆಂಪಿನ ಅಥವಾ ಕಿತ್ತಳೆ ಬಣ್ಣದ ಪದರವಿದ್ದರೆ ಅದು ಸೀಸದ ಪ್ರೈಮರ್ ಇರಬಹುದು. ಅದನ್ನು ಗ್ರೈಂಡರಿನಿಂದ ಉಜ್ಜಿದರೆ ಸೀಸ ಧೂಳಾಗಿ ಏಳುತ್ತದೆ, ಬೆಂಕಿ ತಾಗಿಸಿದರೆ ಹೊಗೆಯಾಗಿ ಏಳುತ್ತದೆ. ಎಲ್ಲಿಂದ ಬಂತೋ ಗೊತ್ತಿಲ್ಲದ, ಬಣ್ಣ ಬಳಿದ ಕಬ್ಬಿಣವನ್ನು ನಾನು ಮನೆಯೊಳಗೆ ತರುವುದೇ ಇಲ್ಲ.

ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಎಣ್ಣೆ ಜಿಡ್ಡು ತೆಗೆಯಲು ಕೆಲವರು ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು, ಒರೆಸಿ, ನೇರವಾಗಿ ಬೆಸೆಯಲು ಕೂರುತ್ತಾರೆ. ಇಂಥ ಕೆಲವು ಕ್ಲೀನರುಗಳಲ್ಲಿ ಕ್ಲೋರಿನ್ ಇರುವ ದ್ರಾವಕಗಳಿರುತ್ತವೆ, ಟೆಟ್ರಾಕ್ಲೋರೋಎಥಿಲೀನ್ ಅದರಲ್ಲೊಂದು. ಸಂದಿಯಲ್ಲಿ ಉಳಿದ ಒಂದೆರಡು ಹನಿಗೆ ವೆಲ್ಡಿಂಗಿನ ಕಾವೂ ನೇರಳಾತೀತ ಕಿರಣವೂ ತಾಗಿದರೆ ಫಾಸ್ಜೀನ್ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು ಇದೇ ಅನಿಲವನ್ನು. ಕೊಯ್ದ ಹಸಿ ಹುಲ್ಲಿನಂಥ ವಾಸನೆ, ಸ್ವಲ್ಪ ಕೆಮ್ಮು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಒಂದು ದಿನ ಕಳೆದ ಮೇಲೂ ಶ್ವಾಸಕೋಶ ತುಂಬಿಕೊಳ್ಳಬಹುದು. ಡಬ್ಬಿಯ ಮೇಲೆ ‘ಕ್ಲೋರೋ’ ಎಂಬ ಅಕ್ಷರಗಳು ಎಲ್ಲೇ ಕಂಡರೂ ಆ ಡಬ್ಬಿ ವೆಲ್ಡಿಂಗ್ ನಡೆಯುವ ಕೋಣೆಯಲ್ಲಿ ಇರಬಾರದು. ಸೋಪುನೀರಿನಿಂದ ತೊಳೆದು ಪೂರ್ತಿ ಒಣಗಿಸುವುದು ನಿಧಾನದ ಕೆಲಸ, ನಾನು ಮಾಡುವುದು ಅದನ್ನೇ.

ಲೇಪನವಿಲ್ಲದ ಸಾದಾ ಉಕ್ಕಿನ ಹೊಗೆಯೂ ನಿರುಪದ್ರವಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವಾಗ ಕ್ರೋಮಿಯಂನ ಅಪಾಯಕಾರಿ ರೂಪವೂ ನಿಕ್ಕಲ್ಲೂ ಹೊಗೆಯಲ್ಲಿ ಸೇರುತ್ತವೆ. ಸವೆತ ತಡೆಯಲು ಮೇಲ್ಮೈಗೆ ಹಾಕುವ ಗಡಸು ರಾಡುಗಳಲ್ಲಿ ಮ್ಯಾಂಗನೀಸ್ ಹೆಚ್ಚಿರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ನಡುಕ ಮತ್ತು ನಡಿಗೆಯ ತೊಡಕು ಬರುತ್ತದೆ. ವಾರಕ್ಕೆರಡು ಗಂಟೆ ಬೆಸೆಯುವ ನಿಮಗೆ ಜೀವಮಾನವಿಡೀ ಅದರಲ್ಲೇ ದುಡಿದವರಷ್ಟು ಅಪಾಯವಿಲ್ಲ. ಆದರೆ ಅವರಲ್ಲಿ ಹಲವರಿಗೆ ಹೊಗೆ ಹೀರುವ ಯಂತ್ರವಿರುತ್ತದೆ, ಎತ್ತರದ ಮಾಡು ಇರುತ್ತದೆ. ನಿಮ್ಮದು ತಗ್ಗು ಸೂರಿನ ಶೆಡ್ಡು.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಮೊದಲು ತಲೆಯನ್ನು ಹೊಗೆಯಿಂದ ಹೊರಗಿಡಿ. ಇದಕ್ಕೆ ಯಾವ ಸಾಮಾನೂ ಬೇಡ. ಬಿಸಿ ಹೊಗೆ ನೇರ ಮೇಲಕ್ಕೆ ಏಳುತ್ತದೆ. ಬೆಸುಗೆ ಕಾಣಲೆಂದು ಅದರ ಮೇಲೆಯೇ ಬಾಗುವುದು ಹೊಸಬರೆಲ್ಲರ ಅಭ್ಯಾಸ, ಆಗ ಹೊಗೆ ಹೆಲ್ಮೆಟ್ಟಿನ ಒಳಗೇ ನುಗ್ಗುತ್ತದೆ. ಕೆಲಸವನ್ನು ಎದೆಮಟ್ಟಕ್ಕೆ ಎತ್ತಿ ಇಟ್ಟುಕೊಂಡು ಪಕ್ಕದಿಂದ ನೋಡುತ್ತಾ ಬೆಸೆಯಿರಿ. ಕಣ್ಣು ಮಂಜಾಗಿದ್ದರೆ ಹೆಲ್ಮೆಟ್ಟಿನೊಳಗೆ ಕೂರುವ ಓದುವ ಪವರಿನ ಗಾಜು ಸಿಗುತ್ತದೆ. ನಿಮ್ಮ ವಯಸ್ಸಿನಲ್ಲಿ ಬಗ್ಗಿ ನೋಡುವುದಕ್ಕೆ ಬಹಳ ಸಲ ಅದೇ ಕಾರಣ.

ಗಾಳಿ ಬೀಸಬೇಕಾದದ್ದು ಪಕ್ಕದಿಂದ. ಫ್ಯಾನನ್ನು ಬೆನ್ನ ಹಿಂದೆ ಇಟ್ಟರೆ ಹೊಗೆ ಮುಂದಕ್ಕೆ ಹೋಗಿಬಿಡುತ್ತದೆ ಅನ್ನಿಸುತ್ತದೆ. ಆದರೆ ಗಾಳಿ ನಿಮ್ಮ ಮೈಯನ್ನು ಬಳಸಿ ಬಂದು ಎದೆಯ ಮುಂದೆ ಸುಳಿಯಾಗಿ ತಿರುಗುತ್ತದೆ, ಹೊಗೆಯನ್ನು ಮುಖಕ್ಕೇ ಎಳೆದು ತರುತ್ತದೆ. ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಮೆಲ್ಲಗೆ ಹರಿಯಲಿ, ಹರಿದು ಶೆಡ್ಡಿನ ಆಚೆ ಹೋಗಲಿ. ಬಾಗಿಲು ಪೂರ್ತಿ ತೆರೆಯಿರಿ, ಆಗುವುದಾದರೆ ಹೊರಗೇ ಬೆಸೆಯಿರಿ. ಅನಿಲ ಬಳಸುವ ಮಿಗ್, ಟಿಗ್ ಮಷೀನುಗಳಾದರೆ ಜೋರು ಗಾಳಿಗೆ ಬೆಸುಗೆ ಕೆಡುತ್ತದೆ, ಅಲ್ಲಿ ಹೊಗೆಯನ್ನು ಪಕ್ಕದಿಂದಲೇ ಹೀರುವ ಕೊಳವೆ ಒಳ್ಳೆಯದು. ಆ ಮಷೀನುಗಳಲ್ಲಿ ಬಳಸುವ ಆರ್ಗಾನ್ ಅನಿಲ ಗಾಳಿಗಿಂತ ಭಾರ. ತಗ್ಗಿನಲ್ಲಿ, ಟ್ಯಾಂಕಿನೊಳಗೆ, ಮುಚ್ಚಿದ ಮೂಲೆಯಲ್ಲಿ ಸೇರಿಕೊಂಡು ಆಮ್ಲಜನಕವನ್ನು ಹೊರದೂಡುತ್ತದೆ. ಉಸಿರುಗಟ್ಟುವ ಸುಳಿವೇ ಸಿಗದೆ ಪ್ರಜ್ಞೆ ತಪ್ಪುತ್ತದೆ. ಮನೆಯ ಹವ್ಯಾಸದಲ್ಲಿ ಟ್ಯಾಂಕಿನೊಳಗೆ ಇಳಿದು ಬೆಸೆಯುವ ಕೆಲಸವನ್ನು ಒಪ್ಪಿಕೊಳ್ಳಲೇಬೇಡಿ.

ಮಾಸ್ಕ್ ಬರುವುದು ಇವೆಲ್ಲ ಆದಮೇಲೆ. ಬಟ್ಟೆಯ ಮಾಸ್ಕ್, ಒದ್ದೆ ಕರ್ಚೀಫು, ಆಪರೇಷನ್ ಕೋಣೆಯ ನೀಲಿ ಮಾಸ್ಕ್ ಈ ಕೆಲಸಕ್ಕೆ ಬರುವುದಿಲ್ಲ. ಎನ್ 95 ಮಾಸ್ಕ್ ಸರಿಯಾಗಿ ಕೂತರೆ ಗ್ರೈಂಡಿಂಗ್ ಧೂಳಿಗೆ ಪರವಾಗಿಲ್ಲ. ವೆಲ್ಡಿಂಗಿಗೆ ನನ್ನ ಸಲಹೆ ರಬ್ಬರಿನ ಅಂಚಿರುವ, ಮೂಗು ಬಾಯಿ ಎರಡನ್ನೂ ಮುಚ್ಚುವ ಅರ್ಧಮುಖದ ಮಾಸ್ಕ್, ಅದಕ್ಕೆ ಪಿ 100 ಅಥವಾ ಪಿ 3 ದರ್ಜೆಯ ಚಪ್ಪಟೆ ಫಿಲ್ಟರ್. ಚಪ್ಪಟೆ ಇದ್ದರೆ ಹೆಲ್ಮೆಟ್ಟಿನ ಒಳಗೆ ಹಿಡಿಯುತ್ತದೆ. ಹಾಕಿಕೊಂಡ ಮೇಲೆ ಎರಡೂ ಫಿಲ್ಟರನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಅಂಟಿಕೊಂಡು ಹಾಗೆಯೇ ನಿಲ್ಲಬೇಕು. ಎಲ್ಲಿಂದಲಾದರೂ ತಣ್ಣನೆ ಗಾಳಿ ನುಸುಳಿದರೆ ಅದೇ ದಾರಿಯಲ್ಲಿ ಹೊಗೆಯೂ ನುಸುಳುತ್ತದೆ. ಗಡ್ಡವಿದ್ದರೆ ಅಂಚು ಕೂರುವುದಿಲ್ಲ, ಎರಡು ದಿನದ ಕುರುಚಲು ಸಾಕು ಸೋರುವುದಕ್ಕೆ. ಈ ಫಿಲ್ಟರುಗಳು ತಡೆಯುವುದು ಕಣಗಳನ್ನು ಮಾತ್ರ. ಫಾಸ್ಜೀನ್, ಕಾರ್ಬನ್ ಮೊನಾಕ್ಸೈಡ್, ಆರ್ಗಾನ್ ಇವುಗಳ ಮುಂದೆ ಅವು ಇದ್ದೂ ಇಲ್ಲದಂತೆ.

ಈಗ ನಿಮ್ಮ ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಆ ಒಂದು ಸಾಲು. ಕೆಲಸ ನಡೆಯುವಾಗ ಅವಳು ಅಲ್ಲಿ ಇರಬಾರದು. ವೆಲ್ಡಿಂಗಿನ ಬೆಳಕು ನೋಡಿದವರೆಲ್ಲರ ಕಣ್ಣನ್ನೂ ಸುಡುತ್ತದೆ, ಗೋಡೆಯ ಮೇಲೆ ಬಿದ್ದು ಹಿಂದಕ್ಕೆ ಬಂದ ಬೆಳಕೂ ಸುಡುತ್ತದೆ. ನಿಮಗೆ ಹೆಲ್ಮೆಟ್ ಇದೆ, ಅವಳಿಗಿಲ್ಲ. ಆದರೆ ನನಗೆ ಅದಕ್ಕಿಂತ ಚಿಂತೆ ಸೀಸದ್ದು. ಮಕ್ಕಳ ಮೈ ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಬೆಳೆಯುವ ಮಿದುಳಿಗೆ ಅದು ಮಾಡಿದ ಹಾನಿ ಹಿಂದಕ್ಕೆ ಬರುವುದಿಲ್ಲ. ಇಷ್ಟರವರೆಗೆ ತೊಂದರೆಯಿಲ್ಲ ಎನ್ನಬಹುದಾದ ಪ್ರಮಾಣ ಗೊತ್ತಾಗಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಾನು ಸೀಸ ಮುಟ್ಟುವುದೇ ಇಲ್ಲವಲ್ಲ ಎನ್ನುತ್ತೀರೇನೋ. ಲೇತಿನಲ್ಲಿ ಸಲೀಸಾಗಿ ಕಡಿಯುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ 2ರಿಂದ 3 ಪ್ರತಿಶತ ಸೀಸ ಇರುತ್ತದೆ, ಸಲೀಸಾಗಿ ಕಡಿಯಲೆಂದೇ ಸೇರಿಸಿರುತ್ತಾರೆ. ಹಳೆಯ ಬಣ್ಣದ ಮಾತು ಮೇಲೆ ಹೇಳಿದೆ. ಮೀನಿನ ಗಾಳಕ್ಕೆ ಗುಂಡು ಎರಕ ಹೊಯ್ಯುವವರು, ತವರ-ಸೀಸದ ಬೆಸುಗೆ ಬಳಸುವವರು ಅದನ್ನು ನೇರವಾಗಿಯೇ ಮುಟ್ಟುತ್ತಾರೆ. ಸೀಸ ಮನೆಯೊಳಗೆ ಬರುವುದು ಹೆಚ್ಚಾಗಿ ನಡೆದುಕೊಂಡೇ. ಶೆಡ್ಡಿನಲ್ಲಿ ಹಾಕಿದ ಚಪ್ಪಲಿಯಲ್ಲಿ ಅಡುಗೆಮನೆಗೆ ಬರುತ್ತೀರಿ, ಅದೇ ಅಂಗಿಯಲ್ಲಿ ಮಗಳನ್ನು ಎತ್ತಿಕೊಳ್ಳುತ್ತೀರಿ. ಅವಳು ನೆಲದ ಮೇಲೆ ಆಡುತ್ತಾಳೆ, ಕೈ ಬಾಯಿಗೆ ಹೋಗುತ್ತದೆ. ನಾನು ಶೆಡ್ಡಿಗೆಂದೇ ಒಂದು ಜೊತೆ ಶೂ, ಒಂದು ದಪ್ಪ ಹತ್ತಿಯ ಅಂಗಿ, ಒಂದು ಪ್ಯಾಂಟು ಇಟ್ಟಿದ್ದೇನೆ. ಅವು ಶೆಡ್ಡಿನ ಮೊಳೆಯಿಂದ ಇಳಿದರೆ ಬೇರೆಯಾಗಿ ತೊಳೆಯಲು ಮಾತ್ರ. ನೆಲವನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಕಾಫಿ ಕುಡಿಯಬೇಡಿ, ತಿಂಡಿ ತಿನ್ನಬೇಡಿ. ಹಳೆಯ ಬಣ್ಣದ ಕಬ್ಬಿಣವನ್ನು ಈ ಎರಡು ವರ್ಷದಲ್ಲಿ ನೀವು ಉಜ್ಜಿದ್ದರೆ ನೀವೂ ಮಗಳೂ ಒಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ. ಸಾದಾ ರಕ್ತಪರೀಕ್ಷೆ ಅದು, ಗಾಬರಿ ಬೇಡ.

ಅವಳಿಗೆ ಆಸಕ್ತಿಯಿದ್ದರೆ ಅದನ್ನು ಕೊಲ್ಲಬೇಡಿ. ಮಷೀನುಗಳೆಲ್ಲ ಆರಿ, ನೆಲ ಒರೆಸಿದ ಮೇಲೆ ಕರೆಯಿರಿ. ಲೇಪನವಿಲ್ಲದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ವೈಸಿಗೆ ಕಚ್ಚಿಸಿ, ಕನ್ನಡಕ ಹಾಕಿಸಿ, ಅರ ಹಿಡಿಯುವುದನ್ನು ಕಲಿಸಿ. ಆಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ.

ಕಣ್ಣಿನ ಬಗ್ಗೆ ನನ್ನದೇ ಕಥೆ ಹೇಳುತ್ತೇನೆ. ಒಂದು ಸಂಜೆ ಅರ್ಧ ಗಂಟೆ ಗ್ರೈಂಡಿಂಗ್ ಮಾಡಿದೆ, ಮುಖಕ್ಕೆ ಶೀಲ್ಡ್ ಇತ್ತು, ಒಳಗೆ ಕನ್ನಡಕವೂ ಇತ್ತು. ಮುಗಿಸಿ ಎರಡನ್ನೂ ತೆಗೆದಿಟ್ಟು, ತಲೆಗೂದಲಲ್ಲಿ ಧೂಳು ಕೂತಿದೆಯೆಂದು ಕೈಯಿಂದ ಕೊಡವಿಕೊಂಡೆ. ಹುಬ್ಬಿನಲ್ಲಿ ಕೂತಿದ್ದ ಒಂದು ಕಣ ಕಣ್ಣಿಗೆ ಬಿತ್ತು. ಉಜ್ಜಿದೆ, ನೀರು ಹಾಕಿದೆ, ಹೋಯಿತು ಎಂದುಕೊಂಡು ಮಲಗಿದೆ. ಮಾರನೆಯ ದಿನ ಬೆಳಕು ನೋಡಲಾಗುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಕಣ ತೆಗೆದರು. ಆದರೆ ಅಷ್ಟರಲ್ಲಿ ಅದು ಕಣ್ಣಿನ ಪಾರದರ್ಶಕ ಪದರದಲ್ಲಿ ಕೂತು ತುಕ್ಕು ಹಿಡಿದು, ಸುತ್ತ ಒಂದು ಕಂದು ಉಂಗುರ ಬಿಟ್ಟಿತ್ತು. ಅದನ್ನು ಸಣ್ಣ ಡ್ರಿಲ್ಲಿನಿಂದ ಕೆರೆದು ತೆಗೆಯಬೇಕಾಯಿತು. ಅಂದಿನಿಂದ ಕನ್ನಡಕ ತೆಗೆಯುವುದು ಕೊನೆಗೆ. ಮೊದಲು ತಲೆ ಬಗ್ಗಿಸಿ ಕೂದಲು, ಹುಬ್ಬು ಕೊಡವಿ, ಮುಖ ಒರೆಸಿಕೊಂಡು, ಆಮೇಲೆ ಕನ್ನಡಕ.

ಸುತ್ತಿಗೆಯಿಂದ ಗಡಸು ಉಕ್ಕನ್ನು ಹೊಡೆದಾಗ ಹಾರುವ ಚೂರು ಇನ್ನೂ ಕೆಟ್ಟದ್ದು. ಅದು ಕಣ್ಣುಗುಡ್ಡೆಯನ್ನೇ ತೂರಿ ಒಳಗೆ ಹೋಗಬಹುದು. ಗಾಯ ಎಷ್ಟು ಚಿಕ್ಕದೆಂದರೆ ನೋವೇ ಹೆಚ್ಚಿಲ್ಲದಿರಬಹುದು. ಒಳಗುಳಿದ ಕಬ್ಬಿಣ ತಿಂಗಳುಗಳಲ್ಲಿ ದೃಷ್ಟಿಯನ್ನು ತಿನ್ನುತ್ತದೆ. ಒಂದು ಸುತ್ತಿಗೆಯಿಂದ ಇನ್ನೊಂದು ಸುತ್ತಿಗೆಯನ್ನು ಹೊಡೆಯಬೇಡಿ, ತಲೆ ಅಣಬೆಯಂತೆ ಅರಳಿದ ಉಳಿಯನ್ನು ಉಜ್ಜಿ ಸರಿಮಾಡದೆ ಬಳಸಬೇಡಿ. ಹೊಡೆದ ಮೇಲೆ ಕಣ್ಣಿಗೆ ಏನೋ ತಾಗಿದಂತಾಗಿ ಮಂಜಾದರೆ ಉಜ್ಜದೆ, ತೊಳೆಯದೆ, ಒತ್ತದೆ, ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ ನೀವು ಲೋಹದ ಕೆಲಸ ಮಾಡುವವರೆಂದು ಮೊದಲೇ ಹೇಳಿ. ಕಣ್ಣಿನಲ್ಲಿ ಗೊತ್ತಿಲ್ಲದೆ ಉಳಿದ ಕಬ್ಬಿಣದ ಚೂರನ್ನು ಆ ಯಂತ್ರದ ಅಯಸ್ಕಾಂತ ಅಲುಗಿಸಬಲ್ಲದು.

ವೆಲ್ಡಿಂಗ್ ಬೆಳಕು ತಾಗಿದರೂ ಅಷ್ಟೇ, ಆಗ ಏನೂ ಅನ್ನಿಸುವುದಿಲ್ಲ. ಆರರಿಂದ ಹನ್ನೆರಡು ಗಂಟೆಯ ಮೇಲೆ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ನೋವು ಮರಗಟ್ಟಿಸುವ ಹನಿಗಳನ್ನು ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಳ್ಳಬೇಡಿ, ಗಾಯ ಮಾಯುವುದನ್ನೇ ಅವು ತಡೆಯುತ್ತವೆ.

ಕಿವಿಗೆ ಲೆಕ್ಕ ಗೊತ್ತಿದ್ದರೆ ಸಾಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎನ್ನುವುದು ತಜ್ಞರು ಹಾಕಿಕೊಂಡ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ ಇಳಿಯುತ್ತಾ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಆಂಗಲ್ ಗ್ರೈಂಡರಿನ ಸದ್ದು 100ರ ಆಸುಪಾಸು. ಕಮ್ಮಾರರ ಅಡಿಗಲ್ಲಿನ ಮೇಲಿನ ಸುತ್ತಿಗೆಯೇಟು ಅದಕ್ಕೂ ಮೇಲೆ. ಕೆಲಸ ಮುಗಿದ ಮೇಲೆ ಕಿವಿಯಲ್ಲಿ ಕುಯ್ಯೆನ್ನುತ್ತಿದ್ದರೆ ಅಂದು ಮಿತಿ ಮೀರಿತು ಎಂದೇ ಅರ್ಥ. ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಇಯರ್‌ಮಫ್ ಗ್ರೈಂಡರಿನ ಹಿಡಿಕೆಗೇ ತೂಗುಹಾಕಿಡಿ, ಅದನ್ನು ತೆಗೆಯದೆ ಗ್ರೈಂಡರ್ ಕೈಗೆ ಬರದಂತೆ.

ಗ್ರೈಂಡರ್ ಎಂದಾಗ ಅದರ ಡಿಸ್ಕಿನ ಮಾತೂ ಬಂತು. 125 ಮಿಲಿಮೀಟರ್ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 70 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಒಡೆದರೆ ಆ ವೇಗದಲ್ಲೇ ಚೂರು ಬರುತ್ತದೆ. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತಾರೆ, ತಯಾರಾದ 3 ವರ್ಷಕ್ಕೆ ಅದು ಮುಗಿಯುತ್ತದೆ. ಡಿಸ್ಕನ್ನು ಕಟ್ಟಿಹಿಡಿದ ಅಂಟು ಹಳತಾಗಿ ತೇವ ಹೀರಿರುತ್ತದೆ. ಕತ್ತರಿಸುವ ತೆಳು ಡಿಸ್ಕಿನ ಪಕ್ಕೆಯಿಂದ ಉಜ್ಜಬೇಡಿ. ಗಾರ್ಡ್ ತೆಗೆದಿದ್ದರೆ ಇವತ್ತೇ ಮತ್ತೆ ಹಾಕಿ. ಕಿಡಿ ಹತ್ತು ಮೀಟರ್ ದೂರದವರೆಗೂ ಉರುಳಬಲ್ಲದು. ಕಾರ್ ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ಇರುತ್ತದೆ ಎನ್ನುವುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಒಂದು ಗಂಟೆಯಾದರೂ ಅಲ್ಲಿಯೇ ಸುಳಿದಾಡುತ್ತಿರಿ. ಮೂಲೆಯಲ್ಲಿ ಬಿದ್ದ ಕಿಡಿ ಹೊಗೆಯಾಡಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಲೇತ್ ಕೊಳ್ಳುವಿರಾದರೆ ಒಂದೇ ಒಂದು ಮಾತನ್ನು ಇಂದೇ ಮನಸ್ಸಿಗೆ ಹಾಕಿಕೊಳ್ಳಿ. ತಿರುಗುವ ಮಷೀನಿನ ಮುಂದೆ ಕೈಗವಸು ಬೇಡ. ವೆಲ್ಡಿಂಗಿಗೆ ಚರ್ಮದ ಗವಸು ಬೇಕೇ ಬೇಕು, ಲೇತಿಗೂ ಡ್ರಿಲ್ಲಿಗೂ ಬೇಡವೇ ಬೇಡ. ಬರಿ ಬೆರಳು ತಾಗಿದರೆ ಚರ್ಮ ಹರಿಯುತ್ತದೆ, ಗವಸು ಸಿಕ್ಕಿಕೊಂಡರೆ ಕೈಯನ್ನೇ ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ತುಂಬುತೋಳು, ದುಪಟ್ಟಾ, ಕೊರಳ ಸರ, ಉಂಗುರ, ಇಳಿಬಿಟ್ಟ ಜಡೆ ಎಲ್ಲದಕ್ಕೂ ಇದೇ ಮಾತು. ಲೋಹದ ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿಯಿಂದ ಕೈ ತೆಗೆಯುವುದೆಂದರೆ ಕೀಲಿಯನ್ನೂ ಹೊರತೆಗೆದೇ ಎಂದು ರೂಢಿ ಮಾಡಿಕೊಳ್ಳಿ. ಲೋಹದ ಉದ್ದ ಸುರುಳಿಗಳನ್ನು ಕೈಯಿಂದ ಎಳೆಯಬೇಡಿ, ಮಷೀನ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ. ತಂಪಿಗೆ ಹಾಕುವ ಬಿಳಿ ಎಣ್ಣೆನೀರು ವಾರಗಟ್ಟಲೆ ನಿಂತರೆ ಬ್ಯಾಕ್ಟೀರಿಯಾ ಬೆಳೆದು ನಾರುತ್ತದೆ. ಅದರ ತುಂತುರು ಉಸಿರಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಮನೆಯ ಸಣ್ಣ ಕೆಲಸಕ್ಕೆ ಬ್ರಶ್ಶಿನಿಂದ ನಾಲ್ಕು ಹನಿ ಎಣ್ಣೆ ಸಾಕು.

ಮುಂದೆಂದಾದರೂ ಕುಲುಮೆ ಹೂಡುವ, ಎರಕ ಹೊಯ್ಯುವ ಆಸೆ ಹುಟ್ಟಬಹುದು. ಬಹಳ ಜನರಿಗೆ ಹುಟ್ಟುತ್ತದೆ. ಇದ್ದಿಲಾಗಲಿ ಗ್ಯಾಸ್ ಆಗಲಿ, ಮುಚ್ಚಿದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು ಬಂದರೆ ಕುಳಿತು ವಿಚಾರ ಮಾಡಬೇಡಿ, ಎದ್ದು ಹೊರಗೆ ನಡೆಯಿರಿ. ಈ ಅನಿಲವನ್ನು ಪತ್ತೆಹಚ್ಚುವ ಅಲಾರಂ ಒಂದನ್ನು ಗೋಡೆಗೆ ಹಾಕಿ. ಕರಗಿದ ಲೋಹದ ಹತ್ತಿರ ನೀರಿನ ಹನಿಯೂ ಇರಬಾರದು. ನೀರು ಹಬೆಯಾದಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಲೋಹದ ಅಡಿಯಲ್ಲಿ ಸಿಕ್ಕಿಕೊಂಡರೆ ಲೋಹವನ್ನೇ ಸಿಡಿಸುತ್ತದೆ. ಒಣಗಿದಂತೆ ಕಾಣುವ ಸಿಮೆಂಟ್ ನೆಲದೊಳಗೂ ತೇವವಿರುತ್ತದೆ, ಎರಕವನ್ನು ಒಣ ಮರಳಿನ ಹಾಸಿನ ಮೇಲೆ ಹೊಯ್ಯಿರಿ. ಕಪ್ಪಗೆ ಕಾಣುವ ಕಬ್ಬಿಣ ತಣ್ಣಗಿದೆ ಎಂದಲ್ಲ, 400 ಡಿಗ್ರಿಯಲ್ಲೂ ಅದು ಕಪ್ಪಗೇ ಇರುತ್ತದೆ. ಅಂಗೈ ಚಾಚುವ ಮೊದಲು ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ಕಾವು ನೋಡಿ. ಸುಟ್ಟರೆ ಹರಿಯುವ ತಣ್ಣೀರಿನ ಅಡಿ 20 ನಿಮಿಷ ಪೂರ್ತಿ ಹಿಡಿಯಬೇಕು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ.

ಡಾಕ್ಟರ ಬಳಿ ಹೋದಾಗ ಹೇಳಬೇಕಾದ ಮಾತೊಂದಿದೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝೀನಿ 1700ರಲ್ಲೇ ತನ್ನ ವೃತ್ತಿಬಾಂಧವರಿಗೆ ಹೇಳಿದ್ದ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ‘ನಿನ್ನ ಕಸುಬು ಏನು’ ಎನ್ನುವುದನ್ನೂ ಸೇರಿಸಿಕೊಳ್ಳಿ ಎಂದು. ನಿಮ್ಮನ್ನು ಹಾಗೆ ಕೇಳಿದರೆ ನೀವು ‘ಆಫೀಸ್ ಕೆಲಸ’ ಎನ್ನುತ್ತೀರಿ, ಡಾಕ್ಟರು ವೈರಲ್ ಜ್ವರ ಎಂದು ಬರೆಯುತ್ತಾರೆ. ಇಬ್ಬರದೂ ತಪ್ಪಲ್ಲ. ಆದ್ದರಿಂದ ಕೇಳದಿದ್ದರೂ ಹೇಳಿ: ನಿನ್ನೆ ಮಧ್ಯಾಹ್ನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಲೋಹವನ್ನು, ಯಾವ ರಾಡಿನಿಂದ ಬೆಸೆದೆ ಎಂದು. ರಾಡಿನ ಪೊಟ್ಟಣ, ಕ್ಲೀನರಿನ ಡಬ್ಬಿ ಇದ್ದರೆ ಅದರ ಫೋಟೋ ತೋರಿಸಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ 10 ವರ್ಷ ಕಳೆದಿದ್ದರೆ ಅದನ್ನೂ ಅಲ್ಲೇ ಹಾಕಿಸಿಕೊಂಡು ಬನ್ನಿ.

ಇನ್ನು ಬಾಕಿ ಉಳಿದ ಸ್ಟ್ಯಾಂಡ್. ಬೆಸುಗೆಯ ಜಾಗದಿಂದ ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಸತುವನ್ನು ಉಜ್ಜಿ ತೆಗೆದು ಬೆಸೆಯಿರಿ ಎಂದು ಯಾರಾದರೂ ಹೇಳಬಹುದು. ತಗಡಿಗೆ ಆ ಮಾತು ಸರಿ. ಪೈಪಿಗೆ ಹೊರಗಿದ್ದಷ್ಟೇ ಸತು ಒಳಗೂ ಇರುತ್ತದೆ, ಅಲ್ಲಿಗೆ ನಿಮ್ಮ ಡಿಸ್ಕ್ ಹೋಗುವುದಿಲ್ಲ. ಬೆಸೆಯುವಾಗ ಪೈಪಿನ ತೆರೆದ ಬಾಯಿಂದ ಬಿಳಿ ಹೊಗೆ ಬಂದೇ ಬರುತ್ತದೆ. ಆಸಿಡ್ಡಿನಲ್ಲಿ ಅದ್ದಿ ಸತು ಕರಗಿಸುವವರೂ ಇದ್ದಾರೆ. ಅದರಿಂದ ಹೊತ್ತಿಕೊಳ್ಳುವ ಹೈಡ್ರೋಜನ್ನೂ ಉಸಿರು ಕಟ್ಟಿಸುವ ಆಸಿಡ್ ಆವಿಯೂ ಏಳುತ್ತವೆ, ಒಂದು ಅಪಾಯ ಬಿಡಿಸಿಕೊಳ್ಳಲು ಎರಡನ್ನು ಮನೆಗೆ ಕರೆದಂತೆ. ಆ ಪೈಪುಗಳನ್ನು ಬೆಸೆಯಲೇಬೇಡಿ. ಮಾಸ್ಕ್, ಕನ್ನಡಕ ಹಾಕಿಕೊಂಡು ಪೈಪಿನಲ್ಲಿ ತೂತು ಕೊರೆದು, ಯು ಆಕಾರದ ಬೋಲ್ಟ್ ಅಥವಾ ಪೈಪ್ ಕ್ಲಾಂಪ್ ಹಾಕಿ ಜೋಡಿಸಿ. ಡ್ರಿಲ್ಲಿನ ಕಾವು ಸತುವನ್ನು ಕುದಿಸುವ ಮಟ್ಟಕ್ಕೆ ಏರುವುದಿಲ್ಲ. ಮಳೆಗೆ ತುಕ್ಕು ಹಿಡಿಯಬಾರದೆಂದೇ ಆ ಸತು ಅಲ್ಲಿರುವುದು, ಹೂಕುಂಡಕ್ಕೆ ದಿನವೂ ನೀರು ಬೀಳುವ ಸ್ಟ್ಯಾಂಡಿನಲ್ಲಿ ಅದು ಅಲ್ಲೇ ಇರಲಿ. ಮೊನ್ನೆ ಬೆಸೆದ ಮೂಲೆಗಳಲ್ಲಿ ಸತು ಸುಟ್ಟುಹೋಗಿದೆ, ಅಲ್ಲಿಗೆ ಮಾತ್ರ ಸತುಪುಡಿಯ ಬಣ್ಣ ಎರಡು ಕೈ ಬಳಿಯಿರಿ.